ಪಡುಗಾಳಿಗೆ ಚಪ್ಪರ ಕಟ್ಟುವ ದುಗ್ಗಪ್ಪ

ಬೆಳಗಿನ ಆರು ಗಂಟೆ. ಬ್ರಹ್ಮಾವರ ಪೇಟೆಯಿಂದ ಒಂದೂವರೆ ಮೈಲು ಒಳಗಿರುವ ಸ್ವರ್ಣಲತಾ ಅವರ ಅಂಗಳದಲ್ಲಿ ದುಗ್ಗಪ್ಪ ಮೊದಲ ಗುಂಡಿ ತೋಡುತ್ತಿದ್ದಾರೆ. ನೀರು ಚಿಮುಕಿಸಿದ ಮಣ್ಣನ್ನು ಅವರ ಹೆಂಡತಿ ಕುಸುಮ ಮರದ ಹಲಗೆಯಿಂದ ಬಡಿದು ಸಮ ಮಾಡುತ್ತಿದ್ದಾರೆ. ಅಂಗಳದಲ್ಲಿ ಅಲ್ಲಲ್ಲಿ ಊರಿದ ಏಳೆಂಟು ಕಡ್ಡಿಗಳಿವೆ. ನಿನ್ನೆ ಮಧ್ಯಾಹ್ನದಿಂದ ಸಂಜೆಯವರೆಗೆ ದುಗ್ಗಪ್ಪ ಇಲ್ಲಿ ಕುಳಿತು ಬಿಸಿಲು ಸರಿದ ದಾರಿಯನ್ನು ಗುರುತು ಮಾಡಿ ಹೋಗಿದ್ದರು. ತೆಂಗಿನ ಸಿಪ್ಪೆಗೆ ಕಿಚ್ಚು ಹಾಕಿ, ಹೊಗೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನೂ ನೋಡಿಕೊಂಡಿದ್ದರು.

ಸ್ವರ್ಣಲತಾ ಅವರ ತಾಯಿಗೆ ಕಾಲಿನ ಆಪರೇಷನ್ ಆಗಿ ಹದಿನೈದು ದಿನ. ಇನ್ನೆರಡು ತಿಂಗಳು ಮಲಗಿಯೇ ಇರಬೇಕು. ಅವರ ಮಂಚವನ್ನು ಹಗಲಿಗೆ ಅಂಗಳದಲ್ಲಿ ಹಾಕಲು ಒಂದು ಚಪ್ಪರ ಬೇಕು. ಫೋನು ಬಂದದ್ದು ಮೊನ್ನೆ. ಸರದಿಯಲ್ಲಿ ಮುಂದಿದ್ದ ನಾಲ್ಕು ಮನೆಗಳನ್ನು ಹಿಂದಕ್ಕೆ ಹಾಕಿ ದುಗ್ಗಪ್ಪ ಇಲ್ಲಿಗೆ ಬಂದಿದ್ದಾರೆ.

ಕೊಕ್ಕರ್ಣೆಯ ದುಗ್ಗಪ್ಪನವರಿಗೆ ಈಗ ನಲವತ್ತಮೂರು. ಹುಡುಗನಾಗಿದ್ದಾಗ ಮುಂಬಯಿಗೆ ಹೋಗಿ ಒಂದು ಕ್ಯಾಂಟೀನಿನಲ್ಲಿ ದುಡಿದರು. ೧೯೯೭ರಲ್ಲಿ ಅದು ಮುಚ್ಚಿದಾಗ ಊರಿಗೆ ಬಂದು ಮಾವ ತಿಮ್ಮನ ಜೊತೆ ಮದುವೆ ಚಪ್ಪರದ ಕೆಲಸಕ್ಕೆ ಇಳಿದರು. ಮದುವೆ ಮುಗಿದರೂ ಜನ ಚಪ್ಪರದಡಿಯಿಂದ ಏಳದೆ ಹರಟುತ್ತಾ ಕೂರುವುದನ್ನು ಕಂಡಾಗ, ಬೇಸಿಗೆಗೆ ಕೂರಲೆಂದೇ ಯಾಕೆ ಒಂದು ಜಾಗ ಮಾಡಬಾರದು ಎನ್ನಿಸಿತಂತೆ. ಅಂದಿನಿಂದ ಶಿವರಾತ್ರಿ ಕಳೆದರೆ ಮಳೆ ಹಿಡಿಯುವವರೆಗೆ ಅವರಿಗೆ ಇದೇ ಕೆಲಸ.

"ಬಿಸ್ಲ್ ಬಪ್ಪುದೂ ಪಡು ಬದಿಯಿಂದ, ಗಾಳಿ ಬಪ್ಪುದೂ ಪಡು ಬದಿಯಿಂದ್ಲೇ. ಬಿಸ್ಲ್ ತಡುದ್ರೆ ಗಾಳಿ ನಿಂತತ್, ಗಾಳಿ ಬಿಟ್ರೆ ಬಿಸ್ಲ್ ಹೊಕ್ಕತ್. ಎರಡನ್ನೂ ಬೇರೆ ಮಾಡ್ಕ್, ಅಷ್ಟೇ ಕೆಲ್ಸ," ಎನ್ನುತ್ತಾರೆ. ಬೇರೆ ಮಾಡುವುದು ಹೀಗೆ: ಪಡುವಣ ಬದಿಯ ಸೂರನ್ನು ಸೊಂಟದೆತ್ತರದವರೆಗೆ ತಗ್ಗಿಸುತ್ತಾರೆ. ಇಳಿಬಿಸಿಲು ಹೊರಗೇ ಉಳಿಯುತ್ತದೆ, ಸಮುದ್ರದ ಗಾಳಿ ಅಡಿಯಿಂದ ನುಸುಳಿ ಮಂಚದ ಮಟ್ಟಕ್ಕೆ ಬಂದು ಬೀಸುತ್ತದೆ.

ಸಣ್ಣ ಚಪ್ಪರಕ್ಕೆ ನೆನೆಸಿ ಹೆಣೆದ ಅರವತ್ತು ತೆಂಗಿನ ಮಡಲು ಬೇಕು. ಕುಸುಮ ದಿನಕ್ಕೆ ನಲವತ್ತು ಹೆಣೆಯುತ್ತಾರೆ. ಹಿಂದೆ ಒಂದು ಬೇಸಿಗೆಯಲ್ಲಿ ಮೂವತ್ತು ಅಂಗಳ ಸಿಗುತ್ತಿದ್ದವು, ಈಗ ಹದಿನೆಂಟು. ತಗಡಿನ ಮಾಡು ಬಂತು, ಅಂಗಳಕ್ಕೆ ಸಿಮೆಂಟಿನ ಇಂಟರ್‌ಲಾಕ್ ಬಂತು. ಏಣಿಯಿಂದ ಬಿದ್ದು ಪೆಟ್ಟಾದ ಅವರ ಎಡಭುಜ ಇಂದಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಇವನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ರೋಗಿಗಳ ಮನೆಗೆ ಮೊದಲು ಹೋಗುವ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದಾಗ ಮಾತ್ರ ನಗು ನಿಲ್ಲುತ್ತದೆ. ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟು, ಕುಸುಮ ಅವರ ಮುಖ ನೋಡಿ, ಆಮೇಲೆ ಹೇಳಲು ತೊಡಗುತ್ತಾರೆ.

೨೦೦೪ರ ಮಾತು. ಸಾಲಿಗ್ರಾಮದ ಮನೋರಮಾ ಎಂಬವರು ಕರೆಸಿದ್ದರು. ಅವರ ಗಂಡ ಶಾಮರಾಯರು ನಲವತ್ತು ವರ್ಷ ದೇವಸ್ಥಾನದ ಅಡುಗೆಮನೆಯಲ್ಲಿ ಬೆಂಕಿಯೆದುರು ನಿಂತವರು. ಪಾರ್ಶ್ವವಾಯು ಬಡಿದು ಒಳಕೋಣೆಯಲ್ಲಿ ಮಲಗಿದ್ದರು. ಅವರಿಗಿದ್ದ ಆಸೆ ಒಂದೇ, ಅಂಗಳದಲ್ಲಿ ಗಾಳಿಗೆ ಮೈಯೊಡ್ಡಿ ಮಲಗಬೇಕು. ದುಗ್ಗಪ್ಪ ಜಾಗ ನೋಡಿ, ಕಡ್ಡಿ ಊರಿ, ಬರುವ ವಾರ ಬರುತ್ತೇನೆ ಎಂದರು.

ಅದೇ ವಾರ ಮರವಂತೆಯ ಕಡಲ ಬದಿಯ ಒಂದು ಅತಿಥಿಗೃಹದಿಂದ ಕರೆ ಬಂತು. ಆರು ಚಪ್ಪರ, ಕಲ್ಲಿನ ಕಟ್ಟೆಗಳು, ಹೂಬಳ್ಳಿಯ ಹಂದರ. ಅಲ್ಲಿನ ಮ್ಯಾನೇಜರ್ ಬಂದವರಿಗೆಲ್ಲ ಇವರನ್ನು ತೋರಿಸಿ, ಇವರೇ ನಮ್ಮ ಡಿಸೈನರ್ ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆದಿದ್ದ ದುಗ್ಗಪ್ಪನಿಗೆ ಆ ಮಾತು ತಲೆಗೇರಿತು. ಸಾಲಿಗ್ರಾಮದಿಂದ ಎರಡು ಸಲ ಜನ ಬಂದು ಕೇಳಿದರು. ಎರಡು ಸಲವೂ ಬರುವ ವಾರ ಎಂದರು.

ಮೂರನೆಯ ಸಲ ಮನೋರಮಾ ಅವರೇ ಬಂದರು. ಎರಡು ಬಸ್ಸು ಹತ್ತಿ, ಮಟಮಟ ಮಧ್ಯಾಹ್ನ, ಅತಿಥಿಗೃಹದ ಗೇಟಿನ ಹೊರಗೆ ನಿಂತರು. ದುಗ್ಗಪ್ಪ ಅವರನ್ನು ಒಳಗಿನಿಂದಲೇ ಕಂಡರು. ಆ ಹೊತ್ತಿಗೆ ಮುಂಬಯಿಯ ಅತಿಥಿಗಳು ದುಗ್ಗಪ್ಪನ ಕೆಲಸ ನೋಡುತ್ತಾ ನಿಂತಿದ್ದರು. ಆ ಅತಿಥಿಗಳ ಮುಂದೆ ಈ ಹೆಂಗಸು ತನ್ನನ್ನು ಬೇಡಿಕೊಂಡರೆ ಎಂಬ ಸಂಕೋಚ. ಮಡಲಿನ ರಾಶಿಯ ಹಿಂದೆ ಸರಿದು, ನಾನಿಲ್ಲ ಎಂದು ಹೇಳುವಂತೆ ವಾಚ್‌ಮನ್‌ನನ್ನು ಕಳಿಸಿದರು. ಮನೋರಮಾ ಇನ್ನೂ ಅರ್ಧ ಗಂಟೆ ಬಿಸಿಲಿನಲ್ಲಿ ಕಾದರು. ಆಮೇಲೆ ಸೆರಗು ತಲೆಗೆ ಹೊದ್ದು ಬಸ್ಸಿನ ಕಡೆಗೆ ನಡೆದರು.

ಅದಾಗಿ ಒಂಬತ್ತನೆಯ ದಿನ ಶಾಮರಾಯರು ಅದೇ ಒಳಕೋಣೆಯಲ್ಲಿ ತೀರಿಕೊಂಡರು.

ಹನ್ನೆರಡನೆಯ ದಿನದ ಊಟಕ್ಕೆ ಚಪ್ಪರ ಹಾಕಲು ಕರೆ ಬಂದಾಗ ದುಗ್ಗಪ್ಪ ಹೋದರು. ತಾವು ಊರಿದ್ದ ಕಡ್ಡಿಗಳು ಹಾಗೇ ಇದ್ದವು, ಅವನ್ನು ಕಿತ್ತು ಕಂಬ ನಿಲ್ಲಿಸಿದರು. ಕೆಲಸ ಮುಗಿದಾಗ ಮನೋರಮಾ ಬಂದು ಚಪ್ಪರದಡಿ ನಿಂತು, "ಗಾಳಿ ಲಾಯ್ಕ್ ಬತ್ತತ್, ದುಗ್ಗಪ್ಪ," ಎಂದರು. ಅಂದು ದುಗ್ಗಪ್ಪ ಊಟಕ್ಕೆ ನಿಲ್ಲದೆ ಮನೆಗೆ ಬಂದರು. ಮರವಂತೆಯಲ್ಲಿ ಉಳಿದಿದ್ದ ಕೆಲಸಕ್ಕೆ ಹೋಗಲೇ ಇಲ್ಲ.

ಗೇಟಿನೊಳಗೆ ತಾವು ಅಡಗಿದ್ದ ಸಂಗತಿಯನ್ನು ಕುಸುಮ ಅವರಿಗೂ ಹೇಳಿರಲಿಲ್ಲ. ಐದು ವರ್ಷ ಒಳಗೇ ಇಟ್ಟುಕೊಂಡರು. ಯಾರಾದರೂ ಚಪ್ಪರ ಚೆಂದ ಎಂದರೆ ಮೈಯೆಲ್ಲ ಕುಗ್ಗಿ ಹೋಗುತ್ತಿತ್ತಂತೆ. ೨೦೦೯ರ ಬೇಸಿಗೆಯಲ್ಲಿ ತಡೆಯಲಾರದೆ ಹೆಂಡತಿಗೆ ಹೇಳಿ, ಮರುದಿನ ಬೆಳಿಗ್ಗೆಯೇ ಸಾಲಿಗ್ರಾಮಕ್ಕೆ ಹೋದರು.

"ಅಮ್ಮ, ಅವತ್ತ್ ನಾನ್ ಒಳ್ಗೇ ಇದ್ದಿದ್ದೆ," ಎಂದರು.

ಮನೋರಮಾ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತ್. ನಿನ್ ಮಡ್ಲಿನ್ ಗಾಡಿ ಗೇಟಿನ್ ಬುಡದಲ್ಲೇ ಇತ್ತಲೆ."

ದುಗ್ಗಪ್ಪನಿಗೆ ನೆಲ ಬಿಟ್ಟು ಕಣ್ಣು ಎತ್ತಲಾಗಲಿಲ್ಲ. ಮನೋರಮಾ ಅವರೇ ಕೇಳಿದರು. "ಒಂದ್ ಮಂಚದಷ್ಟ್ ಜಾಗಕ್ಕೆ ಚಪ್ರ ಹಾಕುಕೆ ಎಷ್ಟ್ ಹೊತ್ತ್ ಬೇಕ್?"

"ಅರ್ಧ ದಿನ, ಅಮ್ಮ."

"ಅಷ್ಟೇಯಾ," ಎಂದು ಮನೋರಮಾ ಗೆರಸೆ ಎತ್ತಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಲೋಟ ಮಜ್ಜಿಗೆ ಇತ್ತು. ನಿಮಗೊಂದು ಚಪ್ಪರ ಹಾಕಿಕೊಡುತ್ತೇನೆ ಎಂದು ದುಗ್ಗಪ್ಪ ಕೇಳಿಕೊಂಡರು. ಅವರು ಒಪ್ಪಲಿಲ್ಲ. "ಅವ್ರಿಗ್ ಸಿಕ್ದೇ ಇದ್ದ ಗಾಳಿ ನಂಗೆ ಬೇಡ," ಎಂದರು.

ಇದಾಗಿ ನಾಲ್ಕು ವರ್ಷ. ಪ್ರತಿ ಬೇಸಿಗೆಯ ಮೊದಲ ದಿನ ದುಗ್ಗಪ್ಪ ಸಾಲಿಗ್ರಾಮಕ್ಕೆ ಹೋಗಿ ಕೇಳುತ್ತಾರೆ, ಮನೋರಮಾ ಬೇಡ ಎನ್ನುತ್ತಾರೆ. ಈ ವರ್ಷವೂ ಹಾಗೇ ಆಯಿತು.

ಹನ್ನೊಂದೂವರೆಗೆ ಬ್ರಹ್ಮಾವರದ ಚಪ್ಪರ ನಿಂತಿದೆ. ಸ್ವರ್ಣಲತಾ ಮತ್ತು ನೆರೆಯವರು ಸೇರಿ ತಾಯಿಯ ಮಂಚವನ್ನು ಹೊರಗೆ ತಂದಿದ್ದಾರೆ. ಪಡುಗಾಳಿ ಆಗಷ್ಟೇ ಎದ್ದು ಅವರ ಹೊದಿಕೆಯ ಅಂಚನ್ನು ಅಲುಗಿಸುತ್ತಿದೆ. ದುಗ್ಗಪ್ಪಣ್ಣನ ಕೈಗುಣ ದೊಡ್ಡದು ಎಂದು ಸ್ವರ್ಣಲತಾ ಹೇಳುವಾಗ ಅವರು ಆ ಕಡೆ ತಿರುಗಿ ಉಳಿದ ಹಗ್ಗ ಸುತ್ತುತ್ತಿದ್ದಾರೆ. ಫೋಟೊಗೆ ನಿಲ್ಲಲು ಒಪ್ಪಲಿಲ್ಲ. ಬರೆಯುವುದಾದರೆ ಮರವಂತೆಯದ್ದನ್ನೂ ಬರೆಯಬೇಕು ಎಂದಷ್ಟೇ ಕೇಳಿಕೊಂಡರು.

ಬರುವ ವರ್ಷವೂ ಸಾಲಿಗ್ರಾಮಕ್ಕೆ ಹೋಗಿ ಕೇಳುತ್ತೀರಾ ಎಂದರೆ ಹೌದೆಂದು ತಲೆಯಾಡಿಸುತ್ತಾರೆ.

"ಹೋತೆ. ಅವ್ರ್ ಬೇಡ ಅಂಬುದೇ ಸರಿ, ನಂಗ್ ಗೊತ್ತಿತ್ತ್. ಆದ್ರೂ ಕೇಣ್ಕ್ ಅಲ್ದಾ? ಅವತ್ತ್ ಅವ್ರ್ ಮೂರ್ ಸಲ ಕೇಂಡಿರ್."