ಗಾಳಿಗೆ ಬಿಟ್ಟ ಔಷಧ

ಧೈರ್ಯಸ್ಥರು ಮನೆ ಬಿಡುವಾಗ ಬೀಗ ಎಳೆದು ನೋಡುತ್ತಾರೆ. ನನ್ನಂಥ ಚಿಂತಾಶೀಲನಾದರೋ ಇನ್ಹೇಲರನ್ನು ಗಾಳಿಗೆ ಒತ್ತಿ, ‘ಪುಸ್’ ಎಂಬ ಅಭಯವಾಣಿಯನ್ನು ಕೇಳಿಸಿಕೊಂಡೇ ಹೊಸ್ತಿಲು ದಾಟುತ್ತಾನೆ. ಐವತ್ತರ ಹರೆಯದಲ್ಲಿ ಉಬ್ಬಸವು ನನ್ನನ್ನು ವರಿಸಿದಂದಿನಿಂದ ಇದು ನಿತ್ಯಕರ್ಮ. ಕಮಲಾಪುರಕ್ಕೆ ಒಂದು ಪುಸ್, ಕಂಪ್ಲಿಗೆ ಎರಡು, ಅದಿರಿನ ಕೆಂಧೂಳಿನ ಸಂಡೂರಿಗಾದರೆ ಮೂರು. ದೂರಕ್ಕಲ್ಲ, ಭಯಕ್ಕೆ ತಕ್ಕ ನೈವೇದ್ಯ.

“ಗಾಳಿಗೇನು ದಮ್ಮು ಹತ್ತೈತೇನ್ರಿ? ದಿನಾ ಅದಕ್ಕ ಔಷಧಿ ಹೊಡಿತೀರಲ್ಲ!” ಎಂದು ಹೆಂಡತಿ ಹಂಗಿಸುತ್ತಿದ್ದಳು. ನಾನು ವಿವೇಕಿಯ ಮುಗುಳ್ನಗೆ ನಗುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಇಬ್ಬರೂ ಸಂಡೂರಿನಿಂದ ಹೊಸಪೇಟೆಗೆ ಮರಳುವಾಗ ಬಸ್ಸು ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಒತ್ತಿ ಎಳೆದೆ, ಪುಸ್. ಮತ್ತೆ ಎಳೆದೆ, ಪುಸ್. ಸದ್ದಿತ್ತು, ಉಸಿರು ಸಡಿಲವಾಗಲಿಲ್ಲ. ಲೋಕದಲ್ಲಿ ಅಷ್ಟೊಂದು ಗಾಳಿಯಿದ್ದೂ ನನ್ನ ಪಾಲಿಗೆ ಒಂದು ಗುಟುಕೂ ಇಲ್ಲವೆಂಬ ಭೀತಿಯನ್ನು, ಓದುಗ ಮಿತ್ರರೇ, ಯಾವ ವಿನೋದವೂ ಹಗುರಗೊಳಿಸದು. ಹೆಂಡತಿ ತನ್ನ ಚೀಲ ತಡಕಿ ಹೊಸ ಇನ್ಹೇಲರೊಂದನ್ನು ತೆಗೆದು, “ಇಕಾ, ಮಾತಾಡಬ್ಯಾಡ್ರಿ, ಎಳೀರಿ!” ಎಂದಳು. ಎಳೆದೆ, ಎದೆಯ ಹಗ್ಗ ಮೆಲ್ಲಗೆ ಸಡಿಲಿತು.

ಬಸ್ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಹೋದೆವು. “ಸದ್ದು ಬಂದ್ರ ಔಷಧಿ ಐತಿ ಅಂತಲ್ರೀ ಸರ್,” ಎಂದರು ಡಾಕ್ಟರಮ್ಮ, ನನ್ನ ಹಳೆಯ ಇನ್ಹೇಲರನ್ನು ತಿರುಗಿಸಿ ನೋಡುತ್ತ. “ಔಷಧಿ ಯಾವಾಗೋ ಮುಗದೈತಿ. ಉಳಿದಿದ್ದು ಅದನ್ನ ಹೊರಗ ತಳ್ಳೋ ಗ್ಯಾಸು. ಅದು ಮ್ಯಾಲ ಹೋಗಿ ಭೂಮಿ ಕಾಯಸ್ತೈತಿ.”

ಹೊಸಪೇಟೆಯ ಬಿಸಿಲನ್ನು ವರ್ಷವಿಡೀ ಶಪಿಸುವ ನಾನು, ಆ ಸುಡುಕುಲುಮೆಗೆ ದಿನವೂ ತಿದಿಯೊತ್ತುತ್ತಿದ್ದೆ! ಉಸಿರಿನ ಭಯದ ಬೆನ್ನಿಗೆ ಆಕಾಶದ ಭಯವೂ ಹತ್ತಿಕೊಂಡಿತು.

ಪುಡಿ ಒಳಗೆ ಹೋಗುವಷ್ಟು ಜೋರಾಗಿ ನಾನು ಉಸಿರೆಳೆಯಬಲ್ಲೆನೆಂದು ಖಚಿತಪಡಿಸಿಕೊಂಡು, ದಿನನಿತ್ಯಕ್ಕೆ ಗ್ಯಾಸಿಲ್ಲದ ಪುಡಿಯ ಇನ್ಹೇಲರನ್ನೂ, ಆಪತ್ತಿಗೆಂದು, ಇನ್ನೆಷ್ಟು ಸಲಕ್ಕೆ ಔಷಧಿ ಉಳಿದಿದೆಯೆಂದು ಕಿಂಡಿಯಲ್ಲಿ ತೋರಿಸುವ ಪಂಪನ್ನೂ ಅವರು ಬರೆದುಕೊಟ್ಟರು. “ಪುಡಿ ದಿನಾ ತಪ್ಪಸಬ್ಯಾಡ್ರಿ. ಪಂಪಿನ ಕೆಲಸಾನ ಕಡಿಮಿ ಆಗ್ತೈತಿ.”

ಪುಡಿಗೆ ಪುಸ್ಸಿಲ್ಲ. ಅಭಯವಾಣಿಯಿಲ್ಲದ ದೇವರನ್ನು ನಂಬುವುದು ನನ್ನಂಥ ಭಕ್ತನಿಗೆ ಕಡುಕಷ್ಟ. ನಿನ್ನೆ ಮತ್ತೆ ಸಂಡೂರಿಗೆ ಹೊರಟಾಗ ಬೆರಳು ತಾನಾಗಿ ಪಂಪಿನ ಮೇಲೆ ಕೂತಿತು. ಒತ್ತಲಿಲ್ಲ. ಕಿಂಡಿಯಲ್ಲಿನ ಅಂಕಿ ನೋಡಿದೆ. ಮೆಟ್ಟಿಲಿಳಿದು ಮತ್ತೆ ನೋಡಿದೆ. ಬಸ್ಸಿನಲ್ಲಿ ಹೆಂಡತಿಗೂ ತೋರಿಸಿದೆ.

“ಇದ್ದಷ್ಟೂ ಐತ್ರಿ, ಸುಮ್ನ ಕುಂದ್ರಿ,” ಎಂದು ಗದರಿದಳು. ಆದರೆ ಗುಡ್ಡದ ತಿರುವಿನಲ್ಲಿ ಅದಿರು ಲಾರಿಯೊಂದು ಎದುರಾದೊಡನೆ, ನನಗಿಂತ ಮೊದಲೇ ಕಿಟಕಿಯ ಗಾಜೆಳೆದು, ಊರು ಬರುವವರೆಗೂ ನನ್ನ ಎದೆಯ ಏರಿಳಿತವನ್ನೇ ನೋಡುತ್ತ ಕೂತಳು.