ಮೂರು ದಿನ ಮನೆಯಲ್ಲಿಟ್ಟ ಹರಳು

ಹಿರೇಕೊಡಿಗೆಯಲ್ಲಿ ಯಾರು ಎತ್ತು ಕೊಳ್ಳಲು ಹೊರಟರೂ ವಾಸಪ್ಪನನ್ನು ಕರೆದುಕೊಂಡೇ ಹೋಗುತ್ತಿದ್ದರು. ಮೈಮೇಲಿನ ಸುಳಿ ನೋಡುವುದರಲ್ಲಿ, ಹಲ್ಲು ಎಣಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎತ್ತಿನ ಕಾಲ ಮುಗಿದು ಟಿಲ್ಲರ್ ಬಂದ ಮೇಲೂ ಜನ ಅವನನ್ನು ಬಿಡಲಿಲ್ಲ. ಹಳೇ ಜೀಪು, ಬಾವಿ ತೋಡುವ ಜಾಗ, ಕೊನೆಗೆ ಹಿತ್ತಲಿಗೆ ತರುವ ಹಲಸಿನ ಸಸಿಗೂ ಅವನ ಕಣ್ಣೇ ಬೇಕು. ಇಂಥ ಗಂಡಸು ಹೆಸರುಕಾಳಿನಷ್ಟೂ ಇಲ್ಲದ ಒಂದು ಹರಳಿಗೆ ಹೆದರಿ ಮೂರು ದಿನ ಬೆವರಿದ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಬೆವರಿದ್ದು ನಿಜ.

ಅವನ ಮಗ ಅರುಣನಿಗೆ ಬಾಳಗಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹುಡುಗಿ ಅರ್ಪಿತಾ ಎನ್.ಆರ್.ಪುರದವಳು, ಶಾಲೆಯಲ್ಲಿ ಟೀಚರ್. ಭಾನುವಾರ ನಿಶ್ಚಿತಾರ್ಥ. ಅವಳ ಉಂಗುರಕ್ಕೆ ವಜ್ರವೇ ಆಗಬೇಕೆಂದು ಅರುಣ ಹಟ ಹಿಡಿದಿದ್ದರಿಂದ ಬುಧವಾರ ಅಪ್ಪ, ಮಗ, ಹುಡುಗಿ ಮೂವರೂ ಕೊಪ್ಪದ ಯಜ್ಞೇಶನ ಚಿನ್ನದಂಗಡಿಗೆ ಹೋದರು. ಯಜ್ಞೇಶ ನೀಲಿ ಬಟ್ಟೆಯ ಮೇಲೆ ಮೂರು ಹರಳು ಇಟ್ಟ. ಅರ್ಪಿತಾ ಸ್ವಲ್ಪ ಹೊತ್ತು ನೋಡಿ ನಡುವಿನದರ ಮೇಲೆ ಬೆರಳಿಟ್ಟಳು.

"ಇದು ಸಾಕು ಮಾವ. ಸಣ್ಣದಾದ್ರೂ ಚೆಂದ ಇದೆ."

ಈಗ ಎಲ್ಲರ ಕಣ್ಣು ವಾಸಪ್ಪನ ಮೇಲೆ. ಅವನೊಂದು 'ಹ್ಞೂ' ಅಂದರೆ ಮುಗಿಯಿತು.

"ಮೂರು ದಿನ ಮನೇಲಿಟ್ಟು ನೋಡಾಣ," ಎಂದ.

ಯಜ್ಞೇಶ ನಗಲಿಲ್ಲ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಮೂರು ದಿನ ದೇವರ ಮುಂದಿಟ್ಟು ಮನೆಯಲ್ಲಿ ಕೆಡುಕು ಕಾಣದಿದ್ದರೆ ಮಾತ್ರ ಕೊಳ್ಳಬೇಕು ಎನ್ನುವ ಗಿರಾಕಿಗಳನ್ನು ಅವನ ಅಪ್ಪನ ಕಾಲದಿಂದಲೂ ಅಂಗಡಿ ಕಂಡಿತ್ತು. ಹರಳನ್ನು ಪೊಟ್ಟಣ ಕಟ್ಟಿ ಕೊಟ್ಟು, ಶನಿವಾರ ತಂದರೆ ಸಂಜೆಯೊಳಗೆ ಉಂಗುರಕ್ಕೆ ಕೂರಿಸುತ್ತೇನೆ ಎಂದ.

ವಾಸಪ್ಪನ ಹೆದರಿಕೆಗೆ ಕಾರಣವಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ತಂಗಿ ಗಿರಿಯಮ್ಮನ ಮದುವೆಗೆ ಇದೇ ಅಂಗಡಿಯಲ್ಲಿ ವಜ್ರದ ಮೂಗುತಿ ಆರಿಸಿದವನು ಅವನೇ. ಅವತ್ತು ಮೂರು ದಿನದ ಮಾತು ಬಂದಾಗ, "ನಾನು ನೋಡಿದ್ ಮೇಲೆ ಮತ್ತೆಂತ ನೋಡೋದು?" ಎಂದು ಮೀಸೆ ತಿರುವಿದ್ದ. ಹನ್ನೊಂದನೇ ತಿಂಗಳಿಗೆ ಭಾವನ ಜೀಪು ಘಾಟಿಯಲ್ಲಿ ಉರುಳಿತು. ಕಲ್ಲು ಆಗಿಬರಲಿಲ್ಲ ಎಂದು ಊರು ಪಿಸುಗುಟ್ಟಿತು. ಅವನೆದುರು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಬಳೆ, ಕುಂಕುಮ ತೆಗೆಸಿದವರಿಗೂ ಗಿರಿಯಮ್ಮ ಮೂಗುತಿ ಮುಟ್ಟಲು ಬಿಟ್ಟಿರಲಿಲ್ಲ. ಆರು ತಿಂಗಳಾದ ಮೇಲೆ ಅದನ್ನೂ ತೆಗೆದಿಟ್ಟಳೆಂದು ಯಾರೋ ಬಂದು ಹೇಳಿದರು. ತಂಗಿಯೂ ತನ್ನನ್ನೇ ದೂರಿದಳು ಎಂದುಕೊಂಡು ಅವನು ಒಳಗೇ ಕುಸಿದ.

ಹರಳು ದೇವರ ಮುಂದೆ ಅಕ್ಕಿ ತಟ್ಟೆಯ ಮೇಲೆ ಕೂತಿತು. ಮೊದಲ ದಿನ ಏನೂ ಆಗಲಿಲ್ಲ, ಅದೇ ಅವನಿಗೆ ದೊಡ್ಡ ಗಾಬರಿ. ಗುರುವಾರ ಬೆಳಿಗ್ಗೆ ಹಾಲು ಉಕ್ಕಿ ಚೆಲ್ಲಿದ್ದಕ್ಕೆ ಹೆಂಡತಿ ಸುಮಿತ್ರಮ್ಮ ಬೈಸಿಕೊಂಡಳು. ಮಧ್ಯಾಹ್ನ ಪಂಪಿನ ಮೋಟಾರು ಸುಟ್ಟಿತು.

"ಲೋ ವೋಲ್ಟೇಜು ಮಾರಾಯ್ರೆ, ಊರಲ್ಲಿ ಐದು ಮೋಟಾರ್ ಹೋಗಿದಾವೆ," ಎಂದ ರಿಪೇರಿಗೆ ಬಂದ ದೇವರಾಜ.

ಐದು ಮನೆಯಲ್ಲೂ ವಜ್ರ ಇಟ್ಟಿದ್ದರೇ ಎಂದು ವಾಸಪ್ಪ ಯೋಚಿಸಬೇಕಿತ್ತು. ಹೆದರಿದವನಿಗೆ ಲೆಕ್ಕ ಬರುವುದಿಲ್ಲ. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಗಳಿಗೆಗೊಮ್ಮೆ ದೇವರ ಮನೆಗೆ ಹೋಗಿ ಇಣುಕಿದ.

ಶುಕ್ರವಾರ ಸಂಜೆ ಅರುಣನ ಬೈಕು ಜಲ್ಲಿಯ ಮೇಲೆ ಜಾರಿತು. ಮೊಣಕೈ ತರಚಿತ್ತು, ಅಷ್ಟೇ. ವಾಸಪ್ಪ ಮಾತ್ರ ದೇವರ ಮನೆಯತ್ತ ಬೆರಳು ಮಾಡಿದ.

"ನಾಳೆ ಈ ಕಲ್ಲು ವಾಪಸ್ ಕೊಡ್ತೀನಿ."

"ಅಪ್ಪಯ್ಯ, ಅದು ಅವಳು ಆರಿಸಿದ್ದು. ಕಲ್ಲು ಬೇಡ ಅಂದ್ರೆ ಅವಳನ್ನೇ ಬೇಡ ಅಂದಂಗೆ. ಬೇರೆ ತಂದ್ರೆ ನಾನು ತೊಡಿಸೋದಿಲ್ಲ."

"ಅವಳಿಗೆ ಏನಾದ್ರೂ ಆದ್ರೆ?"

ಅರುಣ ಎದ್ದು ಹೋದ.

ಶನಿವಾರ ಬೆಳಿಗ್ಗೆ ವಾಸಪ್ಪ ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ಹೊರಟ. ಆದರೆ ನೇರ ಕೊಪ್ಪಕ್ಕೆ ಹೋಗಲಿಲ್ಲ, ಹತ್ತಿರದ ನಾರ್ವೆ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದ. ವಾಪಸ್ ಕೊಡು ಎಂದು ಅವಳ ಬಾಯಲ್ಲಿ ಒಂದು ಮಾತು ಬಂದರೆ ಮಗನಿಗೆ ಹೇಳಲು ಧೈರ್ಯ ಬರುತ್ತದೆ ಎಂಬ ಆಸೆ.

ಗಿರಿಯಮ್ಮ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಳು. ಅವನು ಜಗಲಿಯಲ್ಲಿ ಕೂತು, ಎಂದಿನಂತೆ ನೆಲ ನೋಡುತ್ತಲೇ ಹಾಲು, ಮೋಟಾರು, ಬೈಕು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು ಕೈ ಕೊಡವಿಕೊಂಡಳು.

"ಅಣ್ಣಯ್ಯ, ಅವತ್ತು ಘಾಟೀಲಿ ಬ್ರೇಕ್ ಹೋಗಿತ್ತು. ಜೀಪ್ ಬಿಟ್ಟಿದ್ದು ನನ್ನ ಮೂಗುತಿ ಅಲ್ಲ."

"ಮತ್ತೆ ತೆಗ್ದಿಟ್ಟಿದ್ದು ಯಾಕೆ?"

"ಮೂಗುತಿ ಕಾಣುತ್ತೆ ಅಂತ ನೀನು ನನ್ನ ಮುಖ ನೋಡೋದೇ ಬಿಟ್ಟಿದ್ದೆ. ಗಂಡ ಹೋದ, ಇನ್ನು ಅಣ್ಣನೂ ಹೋಗೋದು ಬೇಡ ಅಂತ ತೆಗ್ದೆ. ತೆಗೆದ್ ಮೇಲಾದ್ರೂ ನೋಡಿದ್ಯಾ ನೀನು?"

ವಾಸಪ್ಪ ತಲೆ ಎತ್ತಿದ. ತಂಗಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂಗಿನ ತೂತಿನಲ್ಲಿ ಚಿಕ್ಕದೊಂದು ಕಡ್ಡಿ ಇತ್ತು.

"ಅದೆಂತದು?"

"ಹಿಡಿಕಡ್ಡಿ, ಪೊರಕೇದು. ತೂತು ಮುಚ್ಚಿ ಹೋಗ್ಬಾರ್ದಲ್ಲ. ಹಳೇದಾದಾಗ ಬದಲಾಯಿಸ್ತೀನಿ."

ಇಪ್ಪತ್ತಾರು ವರ್ಷ. ಊರಿನ ಎತ್ತುಗಳಿಗೆಲ್ಲ ಸುಳಿ ನೋಡಿದವನಿಗೆ ತಂಗಿಯ ಮೂಗಿನ ಕಡ್ಡಿ ಕಂಡಿರಲಿಲ್ಲ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಗಿರಿಯಮ್ಮ ಒಳಗೆ ಹೋಗಿ ಡಬ್ಬಿ ತಂದಳು. ಕಡ್ಡಿ ಕಿತ್ತು ಮೂಗುತಿ ಹಾಕಿಕೊಳ್ಳುವಾಗ ನೋವಿಗೆ ಕಣ್ಣಲ್ಲಿ ನೀರು ಬಂತು.

"ನಾಳೆ ಇದನ್ನ ಹಾಕ್ಕಂಡೇ ಬರ್ತೀನಿ. ಈಗ ನೋಡು," ಎಂದಳು.

ಅವನು ನೋಡಿದ. ಅವಳು ಸಾಕು ಎನ್ನುವವರೆಗೂ ನೋಡಿದ.

ಮಧ್ಯಾಹ್ನ ಕೊಪ್ಪದ ಅಂಗಡಿಯಲ್ಲಿ ಅವನು ಪೊಟ್ಟಣ ಬಿಚ್ಚಿ ಹರಳನ್ನು ನೀಲಿ ಬಟ್ಟೆಯ ಮೇಲಿಟ್ಟ.

"ಎಂತಾಯ್ತು, ಆಗಿಬಂತಾ?" ಎಂದು ಕೇಳಿದ ಯಜ್ಞೇಶ.

"ಹಾಲು ಉಕ್ಕಿತು, ಮೋಟಾರ್ ಸುಟ್ಟೋಯ್ತು, ಹುಡುಗ ಬೈಕಿಂದ ಬಿದ್ದ," ಎಂದ ವಾಸಪ್ಪ. "ಕೂರಿಸು ಮಾರಾಯ."