ಒಂದು ಬೆರಳಿನ ಜಾಗ

ನನಗೆ ಈಜು ಬರುವುದಿಲ್ಲ. ನೀರು ಮೊಣಕಾಲು ದಾಟಿದರೆ ಎದೆ ಡವಡವ ಅನ್ನುತ್ತದೆ. ಅಂಥವನು ಒಂದು ಕಾಲಕ್ಕೆ, ಸಮುದ್ರದೊಳಗೆ ಇಳಿಯುವವರು ಕಾಲಿಗೆ ಹಾಕಿಕೊಳ್ಳುವ, ಮೀನಿನ ರೆಕ್ಕೆಯಂಥ ರಬ್ಬರಿನ ಫಿನ್ಸ್ ಬಗ್ಗೆ ಇಡೀ ಹೈದರಾಬಾದಿನಲ್ಲಿ ಯಾರಿಗೂ ಗೊತ್ತಿಲ್ಲದಷ್ಟು ತಿಳಿದುಕೊಂಡಿದ್ದೆ. ತಿಳಿದುಕೊಂಡು ಏನು ಕಡಿದು ಕಟ್ಟೆ ಹಾಕಿದೆ ಅಂತ ಕೇಳಿದರೆ, ಅದನ್ನೇ ಈಗ ಹೇಳಬೇಕು.

ಫಿನ್ಸ್ ಬೇಕಾಗಿದ್ದದ್ದು ನನ್ನ ತಂಗಿಗೆ. ನಮ್ಮದು ರಾಯಚೂರು ಕಡೆಯ ಊರು. ಎರಡು ವರ್ಷದವಳಿದ್ದಾಗ ಅವಳಿಗೆ ಪೋಲಿಯೊ ಆಗಿ ಎಡಗಾಲು ಬಡಕಲಾಗಿಯೇ ಉಳಿಯಿತು. ಆ ಪಾದ ಇನ್ನೊಂದಕ್ಕಿಂತ ಎರಡು ನಂಬರು ಸಣ್ಣದು. ನೆಲದ ಮೇಲೆ ಮೊಣಕಾಲಿಗೆ ಕೈ ಊರಿ ನಡೆಯುತ್ತಿದ್ದ ಹುಡುಗಿ, ಸೋದರಮಾವನ ಹೊಲದ ಬಾವಿಗೆ ಬಿದ್ದರೆ ಬೇರೆಯೇ ಹುಡುಗಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯಲು ಶುರು ಮಾಡಿದವಳು ವಾರದೊಳಗೆ ಬುರುಡೆ ಬಿಚ್ಚಿ ಎಸೆದಳು. ನಮ್ಮಲ್ಲಿ ಬಾವಿಯ ತಳ ಮುಟ್ಟಿದೆ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ, ಮುಷ್ಟಿಯಲ್ಲಿ ಕೆಸರು ತಂದು ತೋರಿಸಬೇಕು. ಅವಳು ಪ್ರತಿ ಸಲ ತಂದು ಮೆಟ್ಟಿಲ ಮೇಲೆ ಪಚಕ್ಕನೆ ಹಚ್ಚುತ್ತಿದ್ದಳು. ಅವಳಿಗಿಂತ ಮೂರು ವರ್ಷ ದೊಡ್ಡವನಾದ ನಾನು ಆ ಮೆಟ್ಟಿಲ ಮೇಲೆ ಕೂತು ಎಲ್ಲರ ಬಟ್ಟೆ ಕಾಯುತ್ತಿದ್ದೆ.

ಅಪ್ಪ ಅವಳಿಗೆ ಚಪ್ಪಲಿ ತರುವಾಗ ಎರಡು ಅಳತೆಯ ಎರಡು ಜೋಡಿ ತರುತ್ತಿದ್ದ. ದೊಡ್ಡ ಜೋಡಿಯ ಬಲದ್ದು, ಸಣ್ಣ ಜೋಡಿಯ ಎಡದ್ದು ಅವಳಿಗೆ. ಉಳಿದ ಎರಡನ್ನು ಅವ್ವ ಎಸೆಯುತ್ತಿರಲಿಲ್ಲ, ದಾರದಲ್ಲಿ ಕಟ್ಟಿ ಒಂದು ಚೀಲಕ್ಕೆ ಹಾಕುತ್ತಿದ್ದಳು. ನಮ್ಮ ಹುಡುಗಿಯ ಹಾಗೇ, ಆದರೆ ಬಲಗಾಲು ಸಣ್ಣದಿರುವ ಹುಡುಗಿ ಎಲ್ಲಾದರೂ ಇದ್ದೇ ಇರುತ್ತಾಳೆ, ಸಿಕ್ಕರೆ ಕೊಡೋಣ ಅನ್ನುತ್ತಿದ್ದಳು. ಸಂತೆಗೆ ಹೋದರೂ ಮದುವೆಗೆ ಹೋದರೂ ಅವ್ವನ ಕಣ್ಣು ಮಂದಿಯ ಕಾಲ ಮೇಲೆ. ಅವ್ವ ಸಾಯುವತನಕ ಅಂಥವಳು ಒಬ್ಬಳೂ ಸಿಗಲಿಲ್ಲ.

ಅಪ್ಪನದು ಇನ್ನೊಂದು ಪದ್ಧತಿ. ಚಪ್ಪಲಿ ಹಾಕಿಸಿ, ಹಿಮ್ಮಡಿಯ ಹಿಂದೆ ತನ್ನ ಬೆರಳು ಇಟ್ಟು ನೋಡುವುದು. ಬೆರಳು ಹಿಡಿದರೆ ಮಾತ್ರ ಖರೀದಿ. ಕಾಲಿಗೂ ಉಸಿರಾಡಲು ಜಾಗ ಬೇಕು ಅನ್ನುತ್ತಿದ್ದ. ನಾವಿಬ್ಬರೂ ಆ ಒಂದು ಬೆರಳಿನ ಜಾಗದಲ್ಲಿ ಚಟಪಟ ಸಪ್ಪಳ ಮಾಡುತ್ತಲೇ ಬೆಳೆದೆವು.

ಆಮೇಲೆ ಕಂಪ್ಯೂಟರ್ ಕಲಿತವರಿಗೆಲ್ಲ ಹೈದರಾಬಾದಿನಲ್ಲಿ ಕೆಲಸ ಸಿಗುವ ಕಾಲ ಬಂತು. ನನಗೆ ಬೇಗಂಪೇಟೆಯ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವ ಕೆಲಸ ಸಿಕ್ಕಿತು. ಬಾಡಿಗೆ ಕಡಿಮೆ ಅಂತ ಕುಷಾಯಿಗೂಡದಲ್ಲಿ ಮನೆ ಹಿಡಿದೆ. ತಂಗಿಯೂ ಅವ್ವನ ಆ ಚೀಲ ಹಿಡಿದುಕೊಂಡು ಬಂದಳು, ಅಲ್ಲಿಯದೇ ಒಂದು ಸಣ್ಣ ಶಾಲೆಯಲ್ಲಿ ಗಣಿತ ಕಲಿಸತೊಡಗಿದಳು. ಮೂರು ತಿಂಗಳಲ್ಲಿ ತೆಲುಗಿನಲ್ಲಿ ಬೈಯುವುದನ್ನೂ ಕಲಿತಳು.

ಎರಡನೆಯ ವರ್ಷ ಅವಳು ಮೆಟ್ಟಿಲಲ್ಲಿ ಬೀಳಲು ಶುರುವಾಯಿತು. ಡಾಕ್ಟರು ಕಾಲು ಹಿಚುಕಿ, ಎತ್ತಿಸಿ, ಇಳಿಸಿ ನೋಡಿ ಹೇಳಿದರು: ಚಿಕ್ಕಂದಿನ ಪೋಲಿಯೊ ಕೆಲವರಲ್ಲಿ ದೊಡ್ಡವರಾದ ಮೇಲೆ ಮತ್ತೆ ಬಲ ಕಸಿಯುತ್ತದೆ, ಇದಕ್ಕೆ ಔಷಧಿ ಇಲ್ಲ, ಒಂದೆರಡು ವರ್ಷದಲ್ಲಿ ತೊಡೆಯ ತನಕ ಕಬ್ಬಿಣದ ಆಸರೆ, ಕ್ಯಾಲಿಪರ್, ಕಟ್ಟಬೇಕಾಗಬಹುದು. ನಾನು ಅದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದೆ. ಅವರು ನಾಲ್ಕು ಸಲವೂ ಅದೇ ಉತ್ತರ ಕೊಟ್ಟರು. ವಾಪಸು ಬರುವ ಆಟೊ ಸಿಕಂದರಾಬಾದ್ ದಾಟಿತು. ತಂಗಿ ಅಂದಳು, “ಅಣ್ಣಾ, ಕಾಲಾಗ ಕಸುವು ಇರೋದ್ರಾಗ ಒಮ್ಮಿ ಸಮುದ್ರದ ತಳ ಮುಟ್ಟಿ ಬರ್ತೀನಿ.”

ಇಲ್ಲ ಅನ್ನಲು ನಾನು ಯಾರು? ಊಟದ ಬಿಡುವಿನಲ್ಲಿ ಆಫೀಸಿನ ಇಂಟರ್ನೆಟ್ಟಿನಲ್ಲಿ ಹುಡುಕಿ, ಅಂಡಮಾನಿನಲ್ಲಿ ಜನರನ್ನು ಸಮುದ್ರದೊಳಗೆ ಕರೆದುಕೊಂಡು ಹೋಗುವ ಒಬ್ಬ ತರಬೇತುದಾರನಿಗೆ ಪತ್ರ ಬರೆದೆ. ಅವನು ಕೈ ಹಿಡಿದೇ ಇಳಿಸುತ್ತೇನೆ, ಡಾಕ್ಟರ ಸಹಿ ತನ್ನಿ ಅಂದ. ಜೊತೆಗೆ ಇನ್ನೊಂದು ಮಾತು. ತನ್ನ ಹತ್ತಿರ ಇರುವ ಫಿನ್ಸ್ ಭಾರ, ಆ ಅಳತೆಯವೂ ಇಲ್ಲ, ನಿಮ್ಮವನ್ನೇ ತರಬೇಕು. ಡಾಕ್ಟರು ಈ ಚಳಿಗಾಲಕ್ಕಾದರೆ ಸರಿ, ಮುಂದಿನದಕ್ಕೆ ನಾನು ಮಾತು ಕೊಡಲಾರೆ ಅಂತ ಹೇಳಿ ಸಹಿ ಹಾಕಿದರು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಫಿನ್ಸಿನಲ್ಲಿ ಎರಡು ಜಾತಿ. ಒಂದು, ರಬ್ಬರಿನ ಬೂಟು ಹಾಕಿಕೊಂಡು ಮೇಲೆ ಪಟ್ಟಿ ಬಿಗಿಯುವುದು. ಅದು ತಣ್ಣೀರಿಗೆ, ಭಾರ, ವಿಮಾನದ ಚೀಲದಲ್ಲೂ ಹಿಡಿಸದು. ಇನ್ನೊಂದು, ಬರಿಗಾಲನ್ನೇ ಸಾಕ್ಸಿನ ಹಾಗೆ ತೂರಿಸುವುದು. ಬೆಚ್ಚಗಿನ ನೀರಿಗೆ ಅದೇ ಸಾಕು, ಹಗುರ. ಅದರಲ್ಲೂ ಉದ್ದನೆಯ ರೆಕ್ಕೆ ಇದ್ದರೆ ನೀರನ್ನು ಜೋರಾಗಿ ತಳ್ಳುತ್ತದೆ, ಆದರೆ ಬಡಕಲು ಕಾಲಿನ ಕೀಲು ತಾಳದು. ಗಿಡ್ಡ, ಮೆತ್ತನೆಯದು ಬೇಕು. ಆಫೀಸಿನಲ್ಲಿ ಬಗ್ ಹುಡುಕಿದ್ದಕ್ಕಿಂತ ಹೆಚ್ಚು ನಿಗಾ ಇಟ್ಟು ಇದನ್ನೆಲ್ಲ ಓದಿದೆ. ಮ್ಯಾನೇಜರು ಎರಡು ಸಲ ಹಿಂದೆ ಬಂದು ನಿಂತದ್ದೂ ಗೊತ್ತಾಗಲಿಲ್ಲ.

ಆದರೆ ಕೊಳ್ಳುವುದೆಲ್ಲಿ? ಸುಲ್ತಾನ್ ಬಜಾರಿನಲ್ಲಿ ಸೀರೆಗಳ ನಡುವೆ ನುಗ್ಗಿಕೊಂಡು ಹೋಗಿ ಒಂದು ಆಟದ ಸಾಮಾನಿನ ಅಂಗಡಿ ಹಿಡಿದೆ. ಅವನು ಮಕ್ಕಳ ಹಸಿರು ರಬ್ಬರಿನ ಕಪ್ಪೆಕಾಲು ತೋರಿಸಿದ. ಇದಲ್ಲ ಅಂದರೆ, ಸಮುದ್ರ ಬೇಕಾದರೆ ಬಂಬೈಗೆ ಹೋಗಿ ಸಾಬ್, ಇಲ್ಲಿ ಹುಸೇನ್ ಸಾಗರ್ ಒಂದೇ ಇರೋದು ಅಂತ ನಕ್ಕ. ಮೈಯೆಲ್ಲ ಉರಿಯಿತು. ಮನೆಗೆ ಬಂದು ಹೇಳಿದರೆ ತಂಗಿಯೂ ಅವನ ಹಾಗೇ ನಕ್ಕಳು. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ, ಬರ್ತಾವ ಬಿಡು ಅಂದಳು.

ಕೊನೆಗೆ ಕೆಲಸದ ಮೇಲೆ ಸಿಂಗಾಪುರಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬ ತಂದುಕೊಡಲು ಒಪ್ಪಿದ. ಎರಡು ಜೋಡಿ ಯಾಕೆ ಅಂತ ಕೇಳಿದ, ಹೇಳಿದೆ. ಪಾದದ ಅಳತೆ ಬರೆದು ಕಳಿಸಬೇಕಿತ್ತು. ಆಫೀಸಿನ ಟೆಸ್ಟ್ ರಿಪೋರ್ಟಿನ ಹಿಂದಿನ ಖಾಲಿ ಹಾಳೆಯ ಮೇಲೆ ತಂಗಿ ನನ್ನ ಹೆಗಲು ಹಿಡಿದು ನಿಂತಳು. ಪೆನ್ಸಿಲ್ ಹಿಡಿದು ಸುತ್ತಲೂ ಗೆರೆ ಎಳೆದೆ. ಎಡಪಾದದ ಗೆರೆ ಎಳೆಯುವಾಗ ಅದು ಐಸಿನ ಹಾಗೆ ತಣ್ಣಗಿತ್ತು. ಆ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ, ಯಾವಾಗಲೂ ತಣ್ಣಗೇ ಇರುತ್ತಿತ್ತು.

ಅವಳು ಶಾಲೆಗೆ ಹೋದ ಮೇಲೆ ನಾನು ಆ ಹಾಳೆ ಇಟ್ಟುಕೊಂಡು ಕೂತೆ. ಫಿನ್ಸ್ ಪಾದಕ್ಕೆ ಬಿಗಿಯಾಗಿ ಕೂರಬೇಕು ಅಂತ ಆ ತರಬೇತುದಾರ ಸ್ಪಷ್ಟವಾಗಿ ಬರೆದಿದ್ದ. ಓದಿದ್ದೆ. ಆದರೂ ಆ ಬಡ ಕಾಲನ್ನು ಬಿಗಿ ರಬ್ಬರಿನಲ್ಲಿ ತುರುಕಲು ನನಗೆ ಮನಸ್ಸು ಬರಲಿಲ್ಲ. ಎಡಪಾದದ ಹಿಮ್ಮಡಿಯ ಗೆರೆಯ ಹಿಂದೆ ನನ್ನ ಬೆರಳಿಟ್ಟು, ಅದರಾಚೆ ಇನ್ನೊಂದು ಗೆರೆ ಎಳೆದು, ಅದರಿಂದಲೇ ಅಳತೆ ಬರೆದು ಕಳಿಸಿದೆ. ತಂಗಿಗೆ ಹೇಳಲಿಲ್ಲ. ಹಾಳೆಯಲ್ಲಿ ನನ್ನ ಗೆರೆ ಅಳಿಸಿಬಿಟ್ಟೆ.

ಸಹೋದ್ಯೋಗಿ ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಇಳಿದವನೇ ಎರಡು ಜೋಡಿ ನೀಲಿ ಫಿನ್ಸ್ ನನ್ನ ಕೈಗಿಟ್ಟು ಹೋದ. ಎಷ್ಟು ಹಗುರ ಅಂದರೆ, ಚೀಲದಲ್ಲಿ ಇವೆಯೋ ಇಲ್ಲವೋ ಅಂತ ಬಸ್ಸಿನಲ್ಲಿ ಎರಡು ಸಲ ತೆರೆದು ನೋಡಿದೆ. ತಂಗಿ ತನಗೆ ಬೇಕಾದ ಒಂದೊಂದು ಹಾಕಿಕೊಂಡು ಮಂಚದ ಮೇಲೆ ಕೂತು ಕಾಲಾಡಿಸಿದಳು. ಎಡಗಾಲಿನದು ಸ್ವಲ್ಪ ಅಲ್ಲಾಡುತ್ತೈತಿ ಅಂದಳು. ನೀರಿನಲ್ಲಿ ಸರಿಯಾಗುತ್ತದೆ ಅಂತ ಈಜು ಬಾರದ ನಾನು ಹೇಳಿದೆ. ಉಳಿದ ಎರಡನ್ನು ದಾರದಲ್ಲಿ ಕಟ್ಟಿ ಅವ್ವನ ಚೀಲಕ್ಕೆ ಹಾಕಿದಳು.

ಅಂಡಮಾನಿಗೆ ಟಿಕೆಟ್ ಮಾಡಿಸಿದ್ದೆ, ಹೊರಡಲು ಮೂರು ವಾರ ಇತ್ತು. ಅಭ್ಯಾಸಕ್ಕೆ ಹೋದ ಈಜುಕೊಳದಲ್ಲಿ ಮಧ್ಯಾಹ್ನ ಒಂದು ತಾಸು ಹೆಂಗಸರಿಗೆ ಮೀಸಲು, ಗಂಡಸರು ಗೇಟಿನ ಆಚೆ. ನಾನು ರಜೆ ಹಾಕಿ ವಾಚ್‌ಮನ್ ಪಕ್ಕ ಬೆಂಚಿನ ಮೇಲೆ ಕೂತೆ. ಒಳಗಿನಿಂದ ನೀರಿನ ಸಪ್ಪಳ, ಸೀಟಿ, ನಗು. ಅದರಲ್ಲಿ ಅವಳದು ಯಾವುದು ಅಂತ ತಿಳಿಯದೆ ಒದ್ದಾಡಿದೆ. ತಾಸಾದ ಮೇಲೆ ಒದ್ದೆ ಕೂದಲಲ್ಲಿ ಹೊರಗೆ ಬಂದು, ಬಲದ್ದು ಭಾಳ ಚೊಲೊ ಐತಿ, ಎಡದ್ದು ಮೂರು ಸಲ ಕಳಚಿ ತಳಕ್ಕೆ ಹೋಯಿತು ಅಂದಳು. ನಾನು ಆ ಕಂಪನಿಯವರ ಅಳತೆಯೇ ಸುಳ್ಳು ಅಂತ ಬಾಯಿಗೆ ಬಂದಂತೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕಥೆ. ಅವಳು ನನ್ನ ಮುಖವನ್ನೇ ನೋಡಿದಳು.

ಇನ್ನೊಂದು ತರಿಸಲು ದಿನ ಇರಲಿಲ್ಲ. ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಸೈಕಲ್ ಟ್ಯೂಬಿನ ಪಟ್ಟಿ ಹಚ್ಚಿಸಿದೆ. ಫಿನ್ ಕಳಚುವುದು ನಿಂತಿತು. ಅವಳು ದಿನಾ ಹೋದಳು. ದಿನಾ ಚೊಲೊ ಆತು ಅಂದಳು. ಹನ್ನೊಂದನೆಯ ದಿನ ಬಟ್ಟೆ ಒಗೆಯಲು ತೆಗೆದರೆ ಅವಳು ಶಾಲೆಗೆ ಹಾಕಿಕೊಂಡು ಹೋಗುವ ಎಡಗಾಲಿನ ಸಾಕ್ಸು ರಕ್ತ ಅಂಟಿ ಗಟ್ಟಿಯಾಗಿತ್ತು. ಸಡಿಲ ರಬ್ಬರು ಒಳಗೊಳಗೇ ತಿಕ್ಕಿ ಹಿಮ್ಮಡಿ ಸುಲಿದಿತ್ತು. ಸಿಟ್ಟು ನೆತ್ತಿಗೇರಿ ಕೂಗಾಡಿದೆ. ಹೇಳಿದ್ದರೆ ನೀ ಟಿಕೆಟ್ ರದ್ದು ಮಾಡಿಸುತ್ತಿದ್ದಿ ಅಂದಳು. ನಿಜ, ಮಾಡಿಸುತ್ತಿದ್ದೆ. ಹೇಳದಿದ್ದರೂ ಅದೇ ಆಯಿತು. ಹಸಿ ಗಾಯ ಇಟ್ಟುಕೊಂಡು ಸಮುದ್ರಕ್ಕೆ ಬೇಡ ಅಂತ ತರಬೇತುದಾರ ಬರೆದ.

ಬೇರೆಯವರ ಕಾಲಾಗಿದ್ದರೆ ವಾರದಲ್ಲಿ ಮಾಯುತ್ತಿತ್ತು. ಈ ತಣ್ಣನೆಯ ಕಾಲಿಗೆ ಮಳೆಗಾಲದ ತನಕ ಬೇಕಾಯಿತು, ಮಳೆಗಾಲದಲ್ಲಿ ಅಲ್ಲಿ ಸಮುದ್ರಕ್ಕೆ ಇಳಿಸುವುದಿಲ್ಲ. ದಿನಾ ಗಾಯದ ಪಟ್ಟಿ ಬಿಚ್ಚಿ ನೋಡುತ್ತಿದ್ದೆ, ದಿನಾ ಹಾಗೇ ಇರುತ್ತಿತ್ತು. ಮುಂದಿನ ಚಳಿಗಾಲಕ್ಕೆ ಬಲಗಾಲೂ ಸೋತಿತು, ಎರಡು ಮೆಟ್ಟಿಲಿಗೆ ಏದುಸಿರು. ಉಸಿರಿನ ಪರೀಕ್ಷೆ ಮಾಡಿ ಡಾಕ್ಟರು ಕಾಗದವನ್ನು ಸಹಿ ಇಲ್ಲದೆ ವಾಪಸು ಸರಿಸಿದರು. ನಾನು ಅವರ ಮೇಲೆ ಎಗರಾಡಿದೆ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಹಾಗೆ. ತಂಗಿಯೇ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಆ ಬೆರಳಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಎಷ್ಟೋ ಸಲ ಹೇಳಲು ಹೊರಟು, ಚಹಾ ಕುಡಿದು ಎದ್ದುಬಿಟ್ಟಿದ್ದೇನೆ.

ಕ್ಯಾಲಿಪರ್ ಬಂದ ಮೇಲೆ ನೆಲಮಹಡಿಯ ಮನೆಗೆ ಹೋಗಬೇಕಾಯಿತು. ಸಾಮಾನು ಕಟ್ಟುವಾಗ ಬೀರುವಿನ ಮೇಲಿಂದ ಅವ್ವನ ಚೀಲ ಇಳಿಸಿದೆ. ಮೇಲೇ ಇತ್ತು ಆ ನೀಲಿ ಜೋಡಿ, ದೊಡ್ಡ ಎಡ, ಸಣ್ಣ ಬಲ, ಒಮ್ಮೆಯೂ ನೀರು ಕಾಣದ್ದು. ಏನು ಮಾಡೋಣ ಅಂತ ಕೇಳಿದೆ. ಕುರ್ಚಿಯಲ್ಲಿ ಕೂತಿದ್ದ ತಂಗಿ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದಳು.

“ಇರ್ಲಿ ಅಣ್ಣಾ. ಅವ್ವ ಹುಡುಕಿದ ಹುಡುಗಿ ಸಿಕ್ಕರ ಕೊಡೋಣು. ಅಳತಿ ಮಾತ್ರ ನಾನ ತಗೋತೀನಿ. ನೀ ಬೆರಳು ಸೇರಸ್ತಿ.”

ಯಾವಾಗ ಗೊತ್ತಾಯಿತು ಅಂತ ಕೇಳಿದೆ.

“ಮೊದಲನೇ ದಿನಾನ. ಮೂರು ಸಲ ತಳಕ್ಕ ಹೋಗಿ ತಂದೆನಲ್ಲ? ಮೂರನೇ ಸಲ ಅಲ್ಲೇ ಕಾಲಿಗೆ ಹಾಕ್ಕೊಂಡು ಹಿಂದ ಬೆರಳು ಇಟ್ಟು ನೋಡಿದೆ. ಸರಿಯಾಗಿ ಒಂದು ಬೆರಳು. ಅಪ್ಪ ನೆನಪಾಗಿ ನಗು ಬಂದು, ನೀರು ಕುಡಿದೆ.”

ಅವಳು ಈಗಲೂ ನಗುತ್ತಲೇ ಇದ್ದಳು. ಮತ್ತೆ ಹನ್ನೊಂದು ದಿನ ಯಾಕೆ ಹೋದೆ, ಬೆರಳು ಸೇರಿಸಿದ್ದು ನೀನೇ ಅಂತ ಆಗಲೇ ಯಾಕೆ ಅನ್ನಲಿಲ್ಲ ಅಂತ ಕೇಳಬೇಕಿತ್ತು. ಅವಳ ತೊಡೆಯ ಮೇಲಿಂದ ಫಿನ್ಸ್ ತೆಗೆದುಕೊಂಡು, ದಾರ ಸಡಿಲಾಗಿತ್ತು, ಮತ್ತೆ ಬಿಗಿದು ಚೀಲಕ್ಕೆ ಹಾಕಿದೆ. ಆ ಚೀಲವನ್ನು ಹೊಸ ಮನೆಗೆ ಹೋಗುವ ಸಾಮಾನಿನ ಜೊತೆ ಇಟ್ಟೆ.